ಪದ ಪರಿಚಯ: ಜನಾಂಗ

ಜನಾಂಗ

ಕ್ರಿಕೆಟ್ ವರದಿಗಳಲ್ಲಿ ‘ಜನಾಂಗೀಯ ನಿಂದನೆ’ ಪದೇ ಪದೇ ಕಣ್ಣಿಗೆ ಬೀಳುತ್ತದೆ. ‘ಜನ’ದ ಮೂಲ ಸಂಸ್ಕೃತದ ‘ಜನ್’ ಧಾತು, ಹುಟ್ಟು ಎಂದರ್ಥ. ಲ್ಯಾಟಿನ್ನಿನ ‘ಗೆನುಸ್’, ಗ್ರೀಕಿನ ‘ಗೆನೋಸ್’ ಇದೇ ಬೇರಿನವು. ‘ಅಂಗ’ ಸೇರಿದರೆ ಜನಸಮೂಹದ ಒಂದು ಭಾಗ. ಕನ್ನಡದಲ್ಲಿ ಇದರ ಹರವು ದೊಡ್ಡದು: ‘ಯುವ ಜನಾಂಗ’ವೆಂದರೆ ಪೀಳಿಗೆ, ‘ನಮ್ಮ ಜನಾಂಗದವರು’ ಎಂದರೆ ಬಹುಪಾಲು ಜಾತಿಯೇ. ಇಂಗ್ಲಿಷಿನ ‘ರೇಸ್’ಗೂ ಇದನ್ನೇ ಒಗ್ಗಿಸಿಕೊಂಡೆವು. ಹಿಂದಿಯವರು ಅರಬ್ಬಿಯ ‘ನಸ್ಲ್’ ಹಿಡಿದರು. ಅದು ದನ, ಕುದುರೆಗಳ ತಳಿಗೂ ಸಲ್ಲುತ್ತದೆ.

ತೊಡಕು ಇಲ್ಲೇ. ಹುಟ್ಟಿನ ವಾಸನೆಯ ಈ ಪದಗಳು ಜನಾಂಗವನ್ನು ಪ್ರಕೃತಿಯೇ ಮಾಡಿಟ್ಟಿದೆ ಎಂಬ ಭ್ರಮೆ ಮೂಡಿಸುತ್ತವೆ. ಮಾಡಿದವರು ಮನುಷ್ಯರು, ಅದೂ ಕಾಗದದ ಮೇಲೆ. ದಕ್ಷಿಣ ಆಫ್ರಿಕಾದ 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬರಿಗೂ ಒಂದು ಜನಾಂಗವನ್ನು ಬರೆದುಕೊಟ್ಟಿತು. ಅನುಮಾನ ಬಂದಾಗ ಅಧಿಕಾರಿಗಳು ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ. ಒಡಹುಟ್ಟಿದವರೇ ಬೇರೆ ಬೇರೆ ಜನಾಂಗದವರಾದರು. ವಾಸದ ಬಡಾವಣೆ, ಶಾಲೆ, ಮದುವೆ, ಮತದಾನ ಎಲ್ಲವನ್ನೂ ಆ ದಾಖಲೆಯೇ ನಿರ್ಧರಿಸಿತು. ಕಾಯ್ದೆ ರದ್ದಾದದ್ದು 1991ರಲ್ಲಿ.

ಇಷ್ಟು ಭಾರ ಹೊತ್ತ ಪದವನ್ನು ಎಲ್ಲದಕ್ಕೂ ಬಳಸದಿರಲು ಪತ್ರಕರ್ತ ಮಿತ್ರರಲ್ಲಿ ಒಂದು ಕೋರಿಕೆ: ಪೀಳಿಗೆಗೆ ‘ಪೀಳಿಗೆ’ ಎನ್ನಿ, ಜಾತಿಗೆ ‘ಜಾತಿ’ ಎಂದೇ ಬರೆಯಿರಿ.