ಅಂಟಾರ್ಕ್ಟಿಕಾ ಪ್ರವಾಸ: ಹಡಗಿನೊಳಗೆ ನೂರೆಂಟು ನಿಯಮ, ಒಟ್ಟು ಹಡಗುಗಳಿಗೆ ಮಿತಿಯೇ ಇಲ್ಲ

ಹೋಗಿ ಬಂದ ಮೇಲೆ ಫೋಟೊ ತೋರಿಸ್ತಾ ಕೂತಿದ್ದೆ. ಪೆಂಗ್ವಿನ್, ಹಿಮಗಡ್ಡೆ ಎಲ್ಲ ನೋಡಿ ಮುಗಿಸಿದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಸರ್ಕಾರ ಯಾರ್ದು?" ಹತ್ತು ದಿನ ಹಡಗಿನಲ್ಲಿ ಇಷ್ಟೊಂದು ಉಪನ್ಯಾಸ ಕೇಳಿದ್ದರೂ ಇದಕ್ಕೆ ನೇರ ಉತ್ತರ ನನ್ನ ಹತ್ತಿರ ಇರಲಿಲ್ಲ. ಈ ಬರಹ ಆ ಉತ್ತರಕ್ಕಾಗಿ ಹುಡುಕಾಡಿದ್ದರ ಫಲ.

ಮೊದಲು ಪ್ರವಾಸ ಹೇಗಿರುತ್ತೆ ಅಂತ ಹೇಳಿಬಿಡ್ತೀನಿ. ಬಹುತೇಕ ಹಡಗುಗಳು ಹೊರಡೋದು ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾ ಬಂದರಿನಿಂದ, ನವೆಂಬರ್‌ನಿಂದ ಮಾರ್ಚ್‌ವರೆಗೆ. ಅಲ್ಲಿಂದ ಡ್ರೇಕ್ ಪ್ಯಾಸೇಜ್ ದಾಟೋಕೆ ಸುಮಾರು ಎರಡು ದಿನ. ಆ ಎರಡು ದಿನ ನನ್ನ ಹೊಟ್ಟೆಯೊಳಗೆ ಏನೂ ನಿಲ್ಲಲಿಲ್ಲ, ಅದರ ವರ್ಣನೆ ಬೇಡ. ಖರ್ಚು? ವಿಮಾನದ ಟಿಕೆಟ್ ಬಿಟ್ಟು ಐದಾರು ಲಕ್ಷದಿಂದ ಶುರು. ಅಂದ್ರೆ ಇದು ಎಲ್ಲರ ಪ್ರವಾಸ ಅಲ್ಲ. ವರ್ಷಗಟ್ಟಲೆ ಉಳಿಸಿದ ದುಡ್ಡನ್ನ ನಾನು ಇದಕ್ಕೆ ಸುರಿದೆ ಅನ್ನೋದನ್ನ ಮುಚ್ಚಿಟ್ಟು ಬರೆಯೋದು ಸರಿಯಲ್ಲ.

ಇಳಿಯುವ ಮೊದಲು ನಮ್ಮ ಜಾಕೆಟ್ಟಿನ ಜೇಬು, ಬ್ಯಾಗಿನ ಮೂಲೆಗಳನ್ನೆಲ್ಲ ವ್ಯಾಕ್ಯೂಮ್ ಮಾಡಿಸಿದರು, ಬೇರೆ ಊರಿನ ಬೀಜ ಅಂಟಿಕೊಂಡು ಬಂದಿರಬಾರದು ಅಂತ. ಇದು ಅತಿಯಲ್ಲ: ಮನುಷ್ಯರ ಜೊತೆ ಹೋದ ಒಂದು ಜಾತಿಯ ಹುಲ್ಲು ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಈಗಾಗಲೇ ಬೇರು ಬಿಟ್ಟಿದೆ. ಬೂಟುಗಳನ್ನು ಗುಲಾಬಿ ಬಣ್ಣದ ಸೋಂಕುನಾಶಕದಲ್ಲಿ ಅದ್ದಬೇಕು. ಪ್ರಾಣಿಗಳಿಂದ ಐದು ಮೀಟರ್ ದೂರ. ನೆಲದ ಮೇಲೆ ಕೂರೋ ಹಾಗಿಲ್ಲ, ಮಂಡಿ ಊರೋ ಹಾಗಿಲ್ಲ, ಬ್ಯಾಗ್ ಇಡೋ ಹಾಗಿಲ್ಲ. ಕಾರಣ ಹಕ್ಕಿಜ್ವರ. ಎಚ್5ಎನ್1 ವೈರಸ್ 2023ರ ಅಕ್ಟೋಬರ್‌ನಲ್ಲಿ ಸೌತ್ ಜಾರ್ಜಿಯಾ ದ್ವೀಪದಲ್ಲಿ ಪತ್ತೆಯಾಯಿತು, 2024ರ ಫೆಬ್ರವರಿ ಹೊತ್ತಿಗೆ ಅಂಟಾರ್ಕ್ಟಿಕಾದ ನೆಲದಲ್ಲೂ ಖಚಿತವಾಯಿತು. ಒಂದು ಜಾಗದಲ್ಲಿ ಒಂದು ಸಲಕ್ಕೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. ಹಾಗಾಗಿ ಸರದಿ ಪ್ರಕಾರ ರಬ್ಬರ್ ದೋಣಿ ಹತ್ತಬೇಕು. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಾದರೆ ಯಾರನ್ನೂ ಇಳಿಸುವಂತೆಯೇ ಇಲ್ಲ.

ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ ಸಂಗತಿ. ದಿನಗಟ್ಟಲೆ ನಮ್ಮ ಹಡಗೊಂದು ಬಿಟ್ಟರೆ ಇನ್ನೊಂದು ಕಣ್ಣಿಗೆ ಬೀಳಲಿಲ್ಲ. "ಭೂಮಿಯ ಕೊನೆಯಲ್ಲಿ ನಾವಷ್ಟೇ" ಅಂತ ಎಲ್ಲರೂ ಭಾವುಕರಾಗಿದ್ದೆವು. ಆಮೇಲೆ ಗೊತ್ತಾಯಿತು, ಈ ಏಕಾಂತಕ್ಕೂ ಟೈಂಟೇಬಲ್ ಇದೆ. ಯಾವ ಹಡಗು ಯಾವ ಕೊಲ್ಲಿಗೆ ಎಷ್ಟು ಗಂಟೆಗೆ ಅನ್ನೋದನ್ನ ಕಂಪನಿಗಳು ಮೊದಲೇ ಬುಕ್ ಮಾಡಿಕೊಂಡಿರುತ್ತವೆ. ನಾವು ಹೊರಟ ಕೊಲ್ಲಿಗೆ ಸ್ವಲ್ಪ ಹೊತ್ತಲ್ಲೇ ಇನ್ನೊಂದು ಹಡಗು ಬಂದಿರುತ್ತೆ.

ಈ ವೇಳಾಪಟ್ಟಿ ನಡೆಸೋರು ಯಾರು? ಅಂಟಾರ್ಕ್ಟಿಕಾ ಪ್ರವಾಸ ಕಂಪನಿಗಳ ಅಂತರರಾಷ್ಟ್ರೀಯ ಸಂಘ, ಐಎಎಟಿಒ. 1991ರಲ್ಲಿ ಏಳು ಕಂಪನಿಗಳು ಸೇರಿ ಕಟ್ಟಿದ್ದು. ಇವರ ಕೆಲಸವನ್ನು ಲಘುವಾಗಿ ಕಾಣೋಕೆ ನನಗೆ ಮನಸ್ಸಿಲ್ಲ. ಅವರಿಲ್ಲದಿದ್ದರೆ ಆ ತೀರಗಳು ಇಷ್ಟೊತ್ತಿಗೆ ಜಾತ್ರೆಯಾಗಿರುತ್ತಿದ್ದವು. ಆದರೆ ಇದು ಉದ್ಯಮದವರೇ ತಮಗೆ ತಾವು ಹಾಕಿಕೊಂಡ ಬೇಲಿ. ಸದಸ್ಯತ್ವ ಕಡ್ಡಾಯವಲ್ಲ. ನೂರು ಜನ, ಐನೂರು ಪ್ರಯಾಣಿಕರ ಆ ಮಿತಿಯನ್ನು 2009ರಲ್ಲಿ ಒಪ್ಪಂದದ ದೇಶಗಳೂ ಅಂಗೀಕರಿಸಿದವು, ಆದರೆ ಬೇಕಾದಷ್ಟು ದೇಶಗಳ ಅನುಮೋದನೆ ಸಿಗದೆ ಹದಿನೈದು ವರ್ಷವಾದರೂ ಅದು ಕಾನೂನಾಗಿ ಜಾರಿಯಾಗಲಿಲ್ಲ.

ಹಾಗಾದರೆ ಒಪ್ಪಂದ ಏನು? 1959ರಲ್ಲಿ 12 ದೇಶಗಳು ಸಹಿ ಹಾಕಿದ ಅಂಟಾರ್ಕ್ಟಿಕಾ ಒಪ್ಪಂದದ ಪ್ರಕಾರ ಏಳು ದೇಶಗಳ ಭೂಹಕ್ಕಿನ ವಾದಗಳು ಹಾಗೇ ತಟಸ್ಥ. ನಾವು ಇಳಿದ ಪರ್ಯಾಯದ್ವೀಪ ತಮ್ಮದು ಅಂತ ಬ್ರಿಟನ್, ಚಿಲಿ, ಅರ್ಜೆಂಟೀನಾ ಮೂರೂ ಹೇಳುತ್ತವೆ. 1991ರ ಮ್ಯಾಡ್ರಿಡ್ ಪ್ರೋಟೊಕಾಲ್ ಗಣಿಗಾರಿಕೆಯನ್ನು ನಿಷೇಧಿಸಿತು. ಪ್ರವಾಸೋದ್ಯಮವನ್ನು ಅಲ್ಲ. ಕಂಪನಿ ತನ್ನ ದೇಶದಿಂದ ಪರವಾನಗಿ ತಗೊಂಡು, ಪರಿಸರದ ಮೇಲಿನ ಪರಿಣಾಮದ ವರದಿ ಕೊಟ್ಟರೆ ಆಯ್ತು. ಅದು ಒಂದೊಂದು ಯಾತ್ರೆಯ ಲೆಕ್ಕ. ಎಲ್ಲ ಸೇರಿ ಎಷ್ಟಾಗಬಹುದು ಅನ್ನೋದಕ್ಕೆ ಮಿತಿ ಹಾಕಿದವರಿಲ್ಲ. ಸಾಲದ್ದಕ್ಕೆ ಎಷ್ಟೋ ಹಡಗುಗಳ ಮೇಲೆ ಹಾರೋದು ಬಹಾಮಾಸ್‌ನಂಥ, ಒಪ್ಪಂದದಲ್ಲೇ ಇಲ್ಲದ ದೇಶಗಳ ಬಾವುಟ.

1992–93ರಲ್ಲಿ ಹೋದವರು ಏಳು ಸಾವಿರಕ್ಕೂ ಕಡಿಮೆ. 2023–24ರಲ್ಲಿ ಸುಮಾರು 1 ಲಕ್ಷ 22 ಸಾವಿರ. ಇದರಲ್ಲಿ ದೊಡ್ಡದೊಂದು ಪಾಲು ಕೆಳಗಿಳಿಯದೆ ಹಡಗಿನಿಂದಲೇ ನೋಡಿ ವಾಪಸಾದವರು. 1.4 ಕೋಟಿ ಚದರ ಕಿಲೋಮೀಟರ್ ಖಂಡಕ್ಕೆ ಇದೊಂದು ಲೆಕ್ಕವೇ ಅನ್ನಬಹುದು. ಆದರೆ ಅಲ್ಲಿ ಹಿಮವಿಲ್ಲದ ನೆಲ ಶೇ 1ಕ್ಕಿಂತಲೂ ಕಡಿಮೆ. ಬಹುಪಾಲು ಪೆಂಗ್ವಿನ್‌ಗಳಿಗೆ ಗೂಡು ಕಟ್ಟೋಕೆ ಬೇಕಾಗಿರೋದು ಅದೇ ನೆಲ, ದೋಣಿ ನಿಲ್ಲಿಸೋಕೆ ಬೇಕಾಗಿರೋದೂ ಅದೇ. 2022ರಲ್ಲಿ 'ನೇಚರ್ ಕಮ್ಯುನಿಕೇಶನ್ಸ್' ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 2016ರಿಂದ 2020ರ ನಡುವೆ ಹೋದ ಒಬ್ಬೊಬ್ಬ ಪ್ರವಾಸಿಗನ ಪಾಲಿನ ಹೊಗೆಯ ಮಸಿಯಿಂದ ಸುಮಾರು 83 ಟನ್ ಹಿಮ ಬೇಗ ಕರಗಿದೆ. ಫೋಟೊ ತೋರಿಸುವಾಗ ನಾನು ಹೇಳದೆ ಬಿಟ್ಟದ್ದು ಇದನ್ನೇ.

ಅಪಘಾತದ ಮಾತೂ ಇದೆ. 1969ರಲ್ಲಿ ಇಂಥ ಯಾತ್ರೆಗೆಂದೇ ಕಟ್ಟಿದ 'ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್' ಹಡಗೇ ಮುಂದೆ 'ಎಂಎಸ್ ಎಕ್ಸ್‌ಪ್ಲೋರರ್' ಆಗಿ 2007ರ ನವೆಂಬರ್ 23ರಂದು ಹಿಮಕ್ಕೆ ಬಡಿದು ಮುಳುಗಿತು. 154 ಜನರೂ ಬದುಕಿದರು, ಹತ್ತಿರದಲ್ಲಿ ಬೇರೆ ಹಡಗುಗಳಿದ್ದವು ಅನ್ನೋ ಕಾರಣಕ್ಕೆ. 2011ರಿಂದ ಅಲ್ಲಿ ಭಾರೀ ಇಂಧನ ತೈಲ ಬಳಸೋದನ್ನ ನಿಷೇಧಿಸಲಾಗಿದೆ, 2017ರಿಂದ ಪೋಲಾರ್ ಕೋಡ್ ಜಾರಿಯಲ್ಲಿದೆ. ಅಂದ್ರೆ ಜಗತ್ತು ಮನಸ್ಸು ಮಾಡಿದರೆ ನಿಯಮ ತರೋಕೆ ಆಗುತ್ತೆ.

ಇದರಲ್ಲಿ ನಮ್ಮ ಪಾತ್ರ? ಒಪ್ಪಂದದಲ್ಲಿ ತೀರ್ಮಾನ ಮಾಡುವ ಹಕ್ಕಿರುವ ದೇಶಗಳು 29, ಭಾರತ 1983ರಿಂದ ಅದರಲ್ಲೊಂದು. ಅಲ್ಲಿ ಬಹುಮತ ನಡೆಯಲ್ಲ, ಸರ್ವಾನುಮತವೇ ಬೇಕು. ಒಂದು ದೇಶ ಬೇಡ ಅಂದರೆ ಮುಗೀತು. 2022ರಲ್ಲಿ ನಮ್ಮ ಸಂಸತ್ತು ಭಾರತೀಯ ಅಂಟಾರ್ಕ್ಟಿಕಾ ಕಾಯ್ದೆ ಪಾಸು ಮಾಡಿತು. ಆದರೆ ನನ್ನಂಥವರು ಹೋಗೋದು ಬೇರೆ ದೇಶದ ಪರವಾನಗಿ ಇರೋ ಹಡಗಿನಲ್ಲಿ. 2024ರ ಮೇ ತಿಂಗಳಲ್ಲಿ ಒಪ್ಪಂದದ 46ನೇ ಸಭೆ ನಡೆದದ್ದು ಇಲ್ಲೇ ಪಕ್ಕದ ಕೊಚ್ಚಿಯಲ್ಲಿ. ಪ್ರವಾಸೋದ್ಯಮಕ್ಕೆ ಒಂದು ಸಮಗ್ರ ಚೌಕಟ್ಟು ರೂಪಿಸೋಕೆ ಅಲ್ಲಿ ಪ್ರತ್ಯೇಕ ಕಾರ್ಯಗುಂಪು ಕೂತಿತು. ಚರ್ಚೆ 2025ರಲ್ಲಿ ಇಟಲಿಯ ಮಿಲಾನ್ ಸಭೆಗೂ ಮುಂದುವರಿಯಿತು. ಒಟ್ಟು ಎಷ್ಟು ಹಡಗು, ಎಷ್ಟು ಜನ ಅನ್ನೋದರ ಬಗ್ಗೆ ಭಾರತದ ನಿಲುವೇನು ಅಂತ ಸಂಸದರನ್ನೋ ಭೂವಿಜ್ಞಾನ ಸಚಿವಾಲಯವನ್ನೋ ಕೇಳಬಹುದು. ಅಮ್ಮನಿಗೆ ನಾನು ಕೊನೆಗೆ ಕೊಟ್ಟ ಉತ್ತರ: "29 ದೇಶದ್ದು, ನಮ್ದೂ ಸೇರಿ." "ಹಂಗಾದ್ರೆ ಯಾರ್ದೂ ಅಲ್ಲ ಬಿಡು" ಅಂದ್ರು.