ಕೆರೆ ಅಳಿದಲ್ಲಿ ನೆರೆ

ಮಳೆ ಸುರಿಸುವುದು ಪ್ರಕೃತಿಯ ಕಾರ್ಯ. ಆ ಮಳೆಯು ನೆರೆಯಾಗಿ ಮನೆಯೊಳಕ್ಕೆ ನುಗ್ಗುವುದರಲ್ಲಿ ಮಾತ್ರ ಮನುಷ್ಯನ ಪಾಲು ದೊಡ್ಡದು. ಬೆಂಗಳೂರಿನ ಕೆರೆಗಳ ಚರಿತ್ರೆಯು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಊರನ್ನು ಹಾಯ್ದು ಹೋಗುವ ದೊಡ್ಡ ನದಿ ಇಲ್ಲಿಲ್ಲ. ಬಿದ್ದ ಮಳೆಯು ಪಶ್ಚಿಮದಲ್ಲಿ ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಪೂರ್ವದಲ್ಲಿ ಕೋರಮಂಗಲ-ಚಲ್ಲಘಟ್ಟ ಹಾಗೂ ಹೆಬ್ಬಾಳದ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ನದಿಯಿಲ್ಲದ ನೆಲದಲ್ಲಿ ಬಾಳುವ ಉಪಾಯವನ್ನು ಪೂರ್ವಿಕರು ಕೆರೆಗಳಲ್ಲಿ ಕಂಡುಕೊಂಡರು. 1537ರಲ್ಲಿ ಪೇಟೆಯನ್ನು ಕಟ್ಟಿಸಿದ ಕೆಂಪೇಗೌಡರ ಹೆಸರಿನೊಂದಿಗೆ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳ ಹೆಸರೂ ಬೆರೆತುಕೊಂಡಿದೆ.

ಈ ಕೆರೆಗಳು ಒಂದಕ್ಕೊಂದು ಕಾಲುವೆಗಳಿಂದ ಹೆಣೆದುಕೊಂಡಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರನ್ನು ಕೆಳಗಿನ ಕೆರೆ ಬರಮಾಡಿಕೊಳ್ಳುತ್ತಿತ್ತು. ನೀರುಗಂಟಿಯು ತೂಬಿನ ಮೂಲಕ ಗದ್ದೆಗಳಿಗೆ ನೀರು ಬಿಡುತ್ತಿದ್ದುದರಿಂದ ಬೇಸಿಗೆಯ ಹೊತ್ತಿಗೆ ಕೆರೆಯ ಒಡಲು ಬರಿದಾಗಿ, ಮುಂದಿನ ಮಳೆಗೆ ಸ್ಥಳ ಸಿದ್ಧವಾಗಿರುತ್ತಿತ್ತು. ಎತ್ತಿದ ಹೂಳು ಹೊಲಗಳಿಗೆ ಗೊಬ್ಬರವಾಗುತ್ತಿತ್ತು. ಕೆರೆಯ ರಕ್ಷಣೆಗಾಗಿ ಬಿಟ್ಟ ಭೂದಾನವನ್ನು ಕನ್ನಡ ಶಾಸನಗಳು ‘ಬಿತ್ತುವಟ್ಟ’ವೆಂದು ಕರೆಯುತ್ತವೆ. ಕೆರೆಯನ್ನು ಕಟ್ಟಿಸಿದರೆ ಸಾಲದು, ಅದನ್ನು ಕಾಪಾಡುವುದಕ್ಕೂ ನಿಧಿ ಇರಬೇಕೆಂಬ ವಿವೇಕ ಅಂದಿನ ದಾನಿಗಳಲ್ಲಿತ್ತು.

ಈ ಏರ್ಪಾಡು ಸಡಿಲಗೊಂಡದ್ದು ಅನುಕೂಲದ ದಾರಿಯಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನಲ್ಲಿಯ ನೀರು ಬಂದಿತು. ಮನೆಯೊಳಗೆ ನಲ್ಲಿ ಬಂದ ಮೇಲೆ ಬಾಗಿಲ ಮುಂದಿನ ಕೆರೆಯು ಸೊಳ್ಳೆಗಳ ತಾಣವಾಗಿ, ಕೊನೆಗೆ ಬರಿಯ ನಿವೇಶನವಾಗಿ ಕಾಣತೊಡಗಿತು. ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಎಡೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿಗೃಹಗಳು ನಿರ್ಮಾಣಗೊಂಡವು. ಉಳಿದ ಕೆರೆಗಳನ್ನು ಒಡೆಯದೆ ರಕ್ಷಿಸಬೇಕೆಂದು ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿಯು 1980ರ ದಶಕದಲ್ಲಿಯೇ ಸಲಹೆ ನೀಡಿದ್ದಿತು. ಆದರೂ ಒತ್ತುವರಿ ನಿಲ್ಲಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬಸ್ ನಿಲ್ದಾಣವಾಗಲಿ ಕ್ರೀಡಾಂಗಣವಾಗಲಿ ದುರುದ್ದೇಶದಿಂದ ಕಟ್ಟಿದವಲ್ಲ. ದೋಷವಿದ್ದುದು ಲೆಕ್ಕದಲ್ಲಿ. ನೆಲದ ಬೆಲೆಯನ್ನು ಜಮೆಯ ಕಡೆಗೆ ಬರೆದುಕೊಂಡರು. ಆ ನೆಲವು ತಡೆದು ನಿಲ್ಲಿಸುತ್ತಿದ್ದ ನೀರನ್ನು ಯಾವ ಖಾತೆಯಲ್ಲಿಯೂ ಬರೆಯಲಿಲ್ಲ. ಖಾತೆಗೆ ಬಾರದ ಸಾಲವು ತೀರಿದ ಸಾಲವಲ್ಲ.

ಮಣ್ಣಿನ ನೆಲವು ಮಳೆಯ ಒಂದಂಶವನ್ನು ಹೀರಿಕೊಳ್ಳುತ್ತದೆ. ಡಾಂಬರು, ಕಾಂಕ್ರೀಟುಗಳ ಮೇಲೆ ಬಿದ್ದ ನೀರು ತಡವಿಲ್ಲದೆ ತಗ್ಗಿಗೆ ಧಾವಿಸುತ್ತದೆ. ನಡುವಿನ ಒಂದು ಕೆರೆ ಇಲ್ಲವಾದರೆ ಅದರ ಪಾಲಿನ ನೀರೂ ಕೆಳಗಿನ ಕೆರೆಯ ಮೇಲೆ ಒಮ್ಮೆಲೇ ಬೀಳುತ್ತದೆ. ರಾಜಕಾಲುವೆ ಇಕ್ಕಟ್ಟಾಗಿದ್ದರೆ ನೀರು ಬೀದಿಯನ್ನೇ ಕಾಲುವೆಯಾಗಿ ಮಾಡಿಕೊಳ್ಳುತ್ತದೆ. ಉಳಿದ ಕೆರೆಗಳಲ್ಲಿಯೂ ಹಲವು, ಊರಿನ ಕೊಳಚೆಯಿಂದ ವರ್ಷವಿಡೀ ತುಂಬಿರುವುದರಿಂದ, ಮಳೆಗಾಲದಲ್ಲಿ ಹೊಸ ನೀರಿಗೆ ಎಡೆಗೊಡಲಾರವು.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಈ ಸಾಲದ ವಸೂಲಿ ನಡೆಯಿತು. ಸೆಪ್ಟೆಂಬರ್ 5ರ ಬೆಳಗಿನವರೆಗೆ ಒಂದು ದಿನದಲ್ಲಿ 131.6 ಮಿಲಿಮೀಟರ್ ಮಳೆಯಾಯಿತು. ಇದಕ್ಕೂ ಮಿಗಿಲಾದ ಮಳೆ 1988ರ ಸೆಪ್ಟೆಂಬರಿನಲ್ಲಿ ಒಂದೇ ದಿನ ಸುರಿದ ದಾಖಲೆಯಿದೆ. ಬೆಳ್ಳಂದೂರು, ಮಹದೇವಪುರದ ಸುತ್ತ ಬಡಾವಣೆಗಳು ಜಲಾವೃತವಾದವು. ಹೊರವರ್ತುಲ ರಸ್ತೆಯ ಕಚೇರಿಗಳ ನೌಕರರು ಟ್ರ್ಯಾಕ್ಟರುಗಳನ್ನೇರಿ ಕೆಲಸಕ್ಕೆ ಹೋಗಬೇಕಾಯಿತು. ಅದೇ ವೇಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರಿನ ಪಂಪುಮನೆಯೂ ಮುಳುಗಿ, ನೆರೆಯ ನಡುವೆ ನಿಂತ ನಗರದಲ್ಲಿ ಕುಡಿಯುವ ನೀರಿಗೆ ಪರದಾಟವಾಯಿತು. ಎರಡು ವರ್ಷವೂ ಕಳೆಯುವ ಮುನ್ನ, 2024ರ ಬೇಸಿಗೆಯಲ್ಲಿ, ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರುಗಳಿಗೆ ಕಾದರು. ಮಳೆಗಾಲದಲ್ಲಿ ನಿಲ್ಲಗೊಡದ ನೀರು ಬೇಸಿಗೆಯಲ್ಲಿ ನೆಲದಡಿಯಲ್ಲಿ ದೊರೆಯುವುದೆಂತು?

ಇದರ ನೈತಿಕ ಮುಖವೂ ವಿಚಾರಾರ್ಹ. ಲಾಭ ಪಡೆದವನೇ ನಷ್ಟವನ್ನೂ ಅನುಭವಿಸಿದ್ದರೆ ಅದು ನ್ಯಾಯವೆನಿಸಬಹುದಾಗಿತ್ತು. ಆದರೆ ನೀರು ಕೆಳಮುಖವಾಗಿ ಹರಿಯುತ್ತದೆ. ಮೇಲಿನವನು ಮುಚ್ಚಿದ ಕಾಲುವೆಯ ಫಲವನ್ನು ತಗ್ಗಿನವನು ಉಣ್ಣುತ್ತಾನೆ. ಕಾಲುವೆಯ ಅಂಚಿನ ಜೋಪಡಿಯ ಕೂಲಿಕಾರನಿಗೆ ಪಾತ್ರೆಪಡಗವೂ ಉಳಿಯುವುದಿಲ್ಲ. ಇದನ್ನು ಪ್ರಕೃತಿವಿಕೋಪವೆಂದು ಕರೆದರೆ ಕರ್ತೃವಿನ ಹೆಸರು ಮರೆಯಾಗುತ್ತದೆ.

ಬಸದಿಗಳ ಟ್ರಸ್ಟುಗಳೂ ಗೃಹಸ್ಥರೂ ನಿವೇಶನ ಕೊಳ್ಳುವಾಗ, ಛತ್ರ, ಸಭಾಭವನ, ಮನೆಗಳನ್ನು ಕಟ್ಟುವಾಗ ಹಳೆಯ ಗ್ರಾಮನಕ್ಷೆಯನ್ನು ತೆರೆದು ಅಲ್ಲಿ ಕೆರೆಯಂಗಳವೋ ಕಾಲುವೆಯೋ ಇದ್ದಿತೇ ಎಂದು ನೋಡುವುದು ಉಚಿತ. ಅಗ್ಗವಾಗಿ ದೊರೆತರೂ ಅಂಥ ನೆಲವನ್ನು ಬಿಡತಕ್ಕದ್ದು. ಅಂಗಳವನ್ನೆಲ್ಲ ಕಲ್ಲುಹಾಸಿನಿಂದ ಮುಚ್ಚದೆ ಸ್ವಲ್ಪ ಮಣ್ಣನ್ನು ತೆರೆದಿಡುವುದು, ಮಾಳಿಗೆಯ ನೀರನ್ನು ಇಂಗುಗುಂಡಿಗೆ ತಿರುಗಿಸುವುದು, ಸಮೀಪದ ಕಲ್ಯಾಣಿಯ ಹೂಳೆತ್ತಲು ವರ್ಷವರ್ಷವೂ ಒಂದು ಮೊತ್ತವನ್ನು ತೆಗೆದಿರಿಸುವುದು ಯಾವ ಟ್ರಸ್ಟಿಗೂ ಅಸಾಧ್ಯವಲ್ಲ. ಬಿತ್ತುವಟ್ಟ ಬಿಟ್ಟ ದಾನಿಗಳು ಮಾಡಿದ್ದೂ ಇದನ್ನೇ.