ಒಂದು ಫೋನ್ ಕಾಲ್, 18 ದಿನದ ಚರ್ಚೆ

1972ರ ಜುಲೈ 13, ಗುರುವಾರ. ಅಮೆರಿಕದ ಮಿಯಾಮಿ ಬೀಚ್‌ನಲ್ಲಿ ಜಾರ್ಜ್ ಮೆಕ್‌ಗವರ್ನ್ ಅವರಿಗೆ ಹೊತ್ತು ಮೀರುತ್ತಿತ್ತು. ಹಿಂದಿನ ರಾತ್ರಿಯಷ್ಟೇ ಡೆಮಾಕ್ರಟಿಕ್ ಪಕ್ಷ ಅವರನ್ನು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಆರಿಸಿತ್ತು. ಈಗ ಸಂಜೆ 4 ಗಂಟೆಯೊಳಗೆ ತಮ್ಮ ಜೊತೆಗೆ ನಿಲ್ಲುವ ಉಪಾಧ್ಯಕ್ಷ ಅಭ್ಯರ್ಥಿಯ ಹೆಸರನ್ನು ಅವರು ಕೊಡಬೇಕಿತ್ತು. ಆದರೆ ಕೇಳಿದವರೆಲ್ಲ ಒಲ್ಲೆ ಅನ್ನುತ್ತಿದ್ದರು.

ಕೊನೆಗೆ ಮಿಸೌರಿ ರಾಜ್ಯದ ಸೆನೆಟರ್ ಥಾಮಸ್ ಈಗಲ್ಟನ್ ಅವರಿಗೆ ಫೋನ್ ಹೋಯಿತು. ಮಾತು ಕೆಲವೇ ನಿಮಿಷದ್ದು. ಈಗಲ್ಟನ್ ಖುಷಿಯಿಂದ ಒಪ್ಪಿದರು. ಅಲ್ಲಿಂದ 18 ದಿನಕ್ಕೆ ಅವರು ಆ ಜಾಗದಲ್ಲಿರಲಿಲ್ಲ. ಆ 18 ದಿನ ಅಮೆರಿಕದ ಮತದಾರರು ಚರ್ಚಿಸಿದ ವಿಷಯ ನಮ್ಮ ಮನೆಗಳಿಗೂ ದೂರದ್ದಲ್ಲ. ಅದಕ್ಕೇ ಈ ಕಥೆ.

ಒಂದೇ ವೋಟು, ಇಬ್ಬರು ಅಭ್ಯರ್ಥಿಗಳು

ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಸದಸ್ಯರು ಬೇರೆ ಬೇರೆಯಾಗಿ ಆರಿಸುತ್ತಾರೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಇಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ವೋಟು ಹಾಕಿದರೆ ಇಬ್ಬರಿಗೂ ಬೀಳುತ್ತದೆ. ಜೋಡಿಯಲ್ಲಿ ಎರಡನೆಯವರಿಗೆ 'ರನ್ನಿಂಗ್ ಮೇಟ್' ಎನ್ನುತ್ತಾರೆ. ಅವರು ಯಾರೆಂದು ತೀರ್ಮಾನಿಸುವುದು ಹೆಚ್ಚಾಗಿ ಅಧ್ಯಕ್ಷ ಅಭ್ಯರ್ಥಿಯೇ. ಪಕ್ಷದ ಸಮಾವೇಶ ಅದಕ್ಕೆ ಮುದ್ರೆ ಒತ್ತುತ್ತದೆ.

ಉಪಾಧ್ಯಕ್ಷರಿಗೆ ದಿನನಿತ್ಯದ ಅಧಿಕಾರ ಕಡಿಮೆ. ಆದರೆ ಅಧ್ಯಕ್ಷರು ಸತ್ತರೆ ಮರುಗಳಿಗೆಯೇ ಆ ಕುರ್ಚಿ ಅವರದು. 1945ರಲ್ಲಿ ರೂಸ್‌ವೆಲ್ಟ್ ತೀರಿಕೊಂಡಾಗ ಟ್ರೂಮನ್, 1963ರಲ್ಲಿ ಕೆನಡಿ ಹತ್ಯೆಯಾದಾಗ ಜಾನ್ಸನ್ ಹೀಗೆಯೇ ಅಧ್ಯಕ್ಷರಾದರು. 1972ರ ಮತದಾರರಿಗೆ ಇದು ಇನ್ನೂ ಹಸಿ ನೆನಪು.

ಅವಸರದ ಆಯ್ಕೆ

ಮೆಕ್‌ಗವರ್ನ್ ದಕ್ಷಿಣ ಡಕೋಟ ರಾಜ್ಯದ ಸೆನೆಟರ್. ವಿಯೆಟ್ನಾಂ ಯುದ್ಧ ನಿಲ್ಲಿಸಬೇಕು ಎಂದು ಗಟ್ಟಿಯಾಗಿ ಹೇಳುತ್ತಿದ್ದವರು. ಎದುರಿಗಿದ್ದವರು ಆಗಿನ ಅಧ್ಯಕ್ಷ ರಿಚರ್ಡ್ ನಿಕ್ಸನ್. ಸಮಾವೇಶದ ಹೊತ್ತಿಗೂ ಮೆಕ್‌ಗವರ್ನ್ ಬಳಗಕ್ಕೆ ಪಕ್ಷದೊಳಗಿನ ಜಗಳವೇ ಮುಗಿದಿರಲಿಲ್ಲ. ಕ್ಯಾಲಿಫೋರ್ನಿಯಾದ ಪ್ರತಿನಿಧಿಗಳು ಯಾರಿಗೆ ಸೇರಬೇಕು ಎಂಬ ತಕರಾರಿನಲ್ಲೇ ದಿನ ಕಳೆದಿತ್ತು. ಉಪಾಧ್ಯಕ್ಷ ಸ್ಥಾನಕ್ಕೆ ಎಡ್ವರ್ಡ್ ಕೆನಡಿ ಬಂದೇ ಬರುತ್ತಾರೆ ಎಂಬ ಆಸೆಯೂ ಇತ್ತು. ಅವರು ಬರಲಿಲ್ಲ.

ಬೋಸ್ಟನ್ ಮೇಯರ್ ಕೆವಿನ್ ವೈಟ್ ಹೆಸರು ಬಂದಾಗ ಅವರದೇ ಮ್ಯಾಸಚೂಸೆಟ್ಸ್ ರಾಜ್ಯದ ಪ್ರತಿನಿಧಿಗಳು ತಿರುಗಿಬಿದ್ದರು. ಹಾಗೆ ವಿರೋಧಿಸಿದವರಲ್ಲಿ ಒಬ್ಬರು ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗ್ಯಾಲ್‌ಬ್ರೇತ್. ನೆಹರೂ ಕಾಲದಲ್ಲಿ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಇವರೇ.

ಹೀಗೆ ಸರದಿ ಈಗಲ್ಟನ್ ಅವರಿಗೆ ಬಂತು. ವಯಸ್ಸು 42. ಕ್ಯಾಥೊಲಿಕ್, ಕಾರ್ಮಿಕ ಸಂಘಗಳಿಗೆ ಬೇಕಾದವರು, ಮಾತಿನಲ್ಲಿ ಚುರುಕು. ಮೆಕ್‌ಗವರ್ನ್‌ಗೆ ಇಲ್ಲದ ವೋಟು ತರಬಲ್ಲವರು ಎಂಬ ಲೆಕ್ಕ. ಫೋನಿನಲ್ಲಿ ಮೆಕ್‌ಗವರ್ನ್ ಅವರ ಸಹಾಯಕ ಫ್ರಾಂಕ್ ಮ್ಯಾಂಕವಿಟ್ಸ್, ನಮಗೆ ಮುಜುಗರ ತರುವಂಥ ಹಳೆಯ ವಿಷಯ ಏನಾದರೂ ಇದೆಯೇ ಎಂದು ವಿಚಾರಿಸಿದರು. ಇಲ್ಲ ಎಂದರು ಈಗಲ್ಟನ್. ಅಲ್ಲಿಗೆ ವಿಚಾರಣೆ ಮುಗಿಯಿತು.

ಹೊಟ್ಟೆಯ ತೊಂದರೆ ಅಲ್ಲ

ಒಂದು ವಿಷಯ ಇತ್ತು. 1960ರಿಂದ 1966ರ ನಡುವೆ ಈಗಲ್ಟನ್ ಮೂರು ಸಲ ಆಸ್ಪತ್ರೆ ಸೇರಿದ್ದರು. ಚುನಾವಣೆಯಲ್ಲಿ ಹಗಲು ರಾತ್ರಿ ದುಡಿದು ಕುಸಿದಿದ್ದರು. ಕಾಯಿಲೆ ಖಿನ್ನತೆ. ಎರಡು ಸಲ ಅವರಿಗೆ ವಿದ್ಯುತ್ ಚಿಕಿತ್ಸೆ, ಅಂದರೆ ನಮ್ಮ ಕಡೆ 'ಕರೆಂಟ್ ಕೊಡೋದು' ಅಂತಾರಲ್ಲ, ಅದು ಆಗಿತ್ತು. ಹೊರಗೆ ಮಾತ್ರ ಹೊಟ್ಟೆಯ ತೊಂದರೆ ಎಂದು ಹೇಳಿಸಿದ್ದರು.

ಆಮೇಲೆ ಅವರು ಹೇಳಿದ ಕಾರಣ ಹೀಗಿತ್ತು: ನನ್ನ ಲೆಕ್ಕದಲ್ಲಿ ಅದು ಮುಚ್ಚಿಡಬೇಕಾದ ಪಾಪವಲ್ಲ, ವಾಸಿಯಾದ ಕಾಯಿಲೆ. ಮಾತು ಸರಿಯೇ. ಆದರೆ ಪಾಪವಲ್ಲದಿದ್ದರೆ ಹೊಟ್ಟೆನೋವಿನ ನೆಪ ಏಕೆ ಬೇಕಿತ್ತು ಎಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟವಿತ್ತು.

ಹೆಸರು ಹೇಳದವರೊಬ್ಬರು ಪತ್ರಿಕೆಗೆ ಫೋನ್ ಮಾಡಿ ಸುಳಿವು ಕೊಟ್ಟರು. ನೈಟ್ ಪತ್ರಿಕಾ ಬಳಗದ ವರದಿಗಾರರಾದ ರಾಬರ್ಟ್ ಬಾಯ್ಡ್, ಕ್ಲಾರ್ಕ್ ಹೋಯ್ಟ್ ಅದರ ಬೆನ್ನು ಹತ್ತಿದರು. ಸುದ್ದಿ ಹೊರಬೀಳುವ ಮೊದಲೇ, ಜುಲೈ 25ರಂದು, ಈಗಲ್ಟನ್ ತಾವೇ ಪತ್ರಕರ್ತರ ಮುಂದೆ ಎಲ್ಲವನ್ನೂ ಹೇಳಿದರು. ಪಕ್ಕದಲ್ಲಿ ಮೆಕ್‌ಗವರ್ನ್ ಇದ್ದರು. ತಾವು ಈಗಲ್ಟನ್ ಹಿಂದೆ 1000 ಪರ್ಸೆಂಟ್ ಇದ್ದೇನೆ ಎಂದು ಆಮೇಲೆ ಘೋಷಿಸಿದರು.

ಜನ ಏನಂದರು?

ಚರ್ಚೆ ದೇಶವಿಡೀ ಹಬ್ಬಿತು. ಒಂದು ಕಡೆಯವರದು ಭಯ. ಅಮೆರಿಕ, ರಷ್ಯಾ ಎರಡರ ಕೈಯಲ್ಲೂ ಅಣುಬಾಂಬ್ ಇದ್ದ ಕಾಲ. ನಾಳೆ ಅಧ್ಯಕ್ಷರಿಗೆ ಏನಾದರೂ ಆಗಿ ಇವರ ಕೈಗೆ ಆ ಗುಂಡಿ ಬಂದರೆ? ಒತ್ತಡದಲ್ಲಿ ಮತ್ತೆ ಕುಸಿದರೆ? ಈ ಪ್ರಶ್ನೆಯನ್ನು ಸುಮ್ಮನೆ ಕ್ರೌರ್ಯ ಎಂದು ತಳ್ಳಿಹಾಕಲು ಆಗುವುದಿಲ್ಲ. ಮತದಾರನಿಗೆ ಕೇಳುವ ಹಕ್ಕಿದೆ.

ಇನ್ನೊಂದು ಕಡೆಯವರ ಮಾತೂ ಅಷ್ಟೇ ಗಟ್ಟಿ. ಕಾಲು ಮುರಿದು ವಾಸಿಯಾದವನನ್ನು ಯಾರೂ ಕುಂಟ ಎನ್ನುವುದಿಲ್ಲ. ಮನಸ್ಸು ಸೋತು ವಾಸಿಯಾದವನಿಗೆ ಮಾತ್ರ ಜೀವನವಿಡೀ ಹಣೆಪಟ್ಟಿಯೇ? ಚಿಕಿತ್ಸೆ ತೆಗೆದುಕೊಂಡದ್ದಕ್ಕೇ ಶಿಕ್ಷೆಯಾದರೆ, ನಾಳೆ ಯಾವ ನಾಯಕ ವೈದ್ಯರ ಬಳಿ ಹೋಗುತ್ತಾನೆ?

ಮೂರನೆಯ ಗುಂಪಿಗೆ ಕಾಯಿಲೆ ದೊಡ್ಡದಲ್ಲ, ಮುಚ್ಚಿಟ್ಟದ್ದು ದೊಡ್ಡದು. ಕೇಳಿದಾಗ ಹೇಳದವರನ್ನು ಮುಂದೆ ನಂಬುವುದು ಹೇಗೆ ಎಂಬುದು ಅವರ ವಾದ.

'ಟೈಮ್' ಪತ್ರಿಕೆ ಮಾಡಿಸಿದ ಸಮೀಕ್ಷೆಯಲ್ಲಿ 100ಕ್ಕೆ 77 ಮಂದಿ, ಈಗಲ್ಟನ್ ಅವರ ಹಳೆಯ ಕಾಯಿಲೆಯಿಂದ ನಮ್ಮ ವೋಟು ಬದಲಾಗುವುದಿಲ್ಲ ಎಂದರು. ಹೆಚ್ಚಿನವರು ಅಷ್ಟೊಂದು ಹೆದರಿರಲಿಲ್ಲ. ಹೆದರಿದ್ದು ದೊಡ್ಡ ಪತ್ರಿಕೆಗಳ ಸಂಪಾದಕರು, ಹಣ ಕೊಡುವವರು, ಪಕ್ಷದ ಹಿರಿಯರು. 'ನ್ಯೂಯಾರ್ಕ್ ಟೈಮ್ಸ್', 'ವಾಷಿಂಗ್ಟನ್ ಪೋಸ್ಟ್' ಎರಡೂ ಈಗಲ್ಟನ್ ಹಿಂದೆ ಸರಿಯಲಿ ಎಂದು ಬರೆದವು.

ಇದರ ನಡುವೆ ಅಂಕಣಕಾರ ಜ್ಯಾಕ್ ಆಂಡರ್ಸನ್, ಈಗಲ್ಟನ್ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದರು ಎಂದು ಸುದ್ದಿ ಹರಡಿದರು. ಅದಕ್ಕೆ ದಾಖಲೆ ಇರಲಿಲ್ಲ. ಆಮೇಲೆ ಕ್ಷಮೆ ಕೇಳಿ ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿತ್ತು. ಇವತ್ತಿನ ವಾಟ್ಸಾಪ್ ಫಾರ್ವರ್ಡ್‌ಗೂ ಇದೇ ಗುಣ.

1000 ಪರ್ಸೆಂಟ್ ಕರಗಿತು

ಜುಲೈ 28ರ ರಾತ್ರಿ ಮೆಕ್‌ಗವರ್ನ್ ಊಟದ ಹೊತ್ತಿನಲ್ಲಿ ಪತ್ರಕರ್ತರ ಮೇಜಿನಿಂದ ಮೇಜಿಗೆ ಹೋಗಿ, ಈಗಲ್ಟನ್ ತಾವಾಗಿಯೇ ಬಿಟ್ಟರೆ ಒಳ್ಳೆಯದು ಎಂಬ ಅರ್ಥದ ಮಾತಾಡಿದರು. ಜುಲೈ 30ರ ಭಾನುವಾರ ಒಂದು ಟಿವಿ ಕಾರ್ಯಕ್ರಮದಲ್ಲಿ ಈಗಲ್ಟನ್ ನಾನು ಬಿಡುವುದಿಲ್ಲ ಎಂದರೆ, ಇನ್ನೊಂದರಲ್ಲಿ ಪಕ್ಷದ ಅಧ್ಯಕ್ಷೆ ಜೀನ್ ವೆಸ್ಟ್‌ವುಡ್ ಅವರು ಬಿಡುವುದೇ ದೊಡ್ಡತನ ಎಂದರು. ಮರುದಿನ ರಾತ್ರಿ ಇಬ್ಬರೂ ಕೂತು ಮಾತಾಡಿದರು. ಈಗಲ್ಟನ್ ಹೊರಬಂದರು.

ಅವರ ಜಾಗಕ್ಕೆ ಬಂದವರು ಸಾರ್ಜೆಂಟ್ ಶ್ರೈವರ್. ಅಮೆರಿಕದ ಯುವಕರನ್ನು ಭಾರತದ ಹಳ್ಳಿಗಳಿಗೂ ಕಳಿಸಿದ್ದ 'ಪೀಸ್ ಕೋರ್' ಸಂಸ್ಥೆಯ ಮೊದಲ ಮುಖ್ಯಸ್ಥರು. ಅವರಿಗೂ ಮೊದಲು ಹಲವರನ್ನು ಕೇಳಲಾಗಿತ್ತು, ಯಾರೂ ಒಪ್ಪಿರಲಿಲ್ಲ.

ಈ ಹೊತ್ತಿಗೆ ಚರ್ಚೆಯ ದಿಕ್ಕೇ ಬದಲಾಗಿತ್ತು. ಜನ ಈಗಲ್ಟನ್ ಅವರನ್ನು ಬಿಟ್ಟು ಮೆಕ್‌ಗವರ್ನ್ ಅವರನ್ನು ತೂಗತೊಡಗಿದರು. ಮೊದಲು ವಿಚಾರಿಸದೆ ಆರಿಸಿದ್ದು, ಆಮೇಲೆ ಕೊಟ್ಟ ಮಾತು ವಾರದೊಳಗೆ ಮುರಿದದ್ದು, ಎರಡೂ ಅವರ ಮೇಲೇ ಬಂತು. ನೇರ ಮನುಷ್ಯ ಎಂಬ ಹೆಸರೇ ಅವರ ದೊಡ್ಡ ಬಂಡವಾಳವಾಗಿತ್ತು.

ನವೆಂಬರ್ 7ರಂದು ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು. ಮೆಕ್‌ಗವರ್ನ್‌ಗೆ ಉಳಿದದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್. ನಿಕ್ಸನ್ ಮೊದಲಿನಿಂದಲೂ ಮುಂದಿದ್ದರು. ಹಾಗಾಗಿ ಸೋಲಿಗೆ ಈಗಲ್ಟನ್ ಒಬ್ಬರೇ ಕಾರಣ ಎನ್ನುವುದು ತಪ್ಪು.

ಆಮೇಲೆ ಆದದ್ದು

ಗೆದ್ದ ಜೋಡಿಯ ಕಥೆ ನೋಡಿ. ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ 1973ರ ಅಕ್ಟೋಬರ್‌ನಲ್ಲಿ ಲಂಚ ಮತ್ತು ತೆರಿಗೆ ವಂಚನೆ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟರು. 1974ರ ಆಗಸ್ಟ್‌ನಲ್ಲಿ ವಾಟರ್‌ಗೇಟ್ ಹಗರಣದಿಂದ ನಿಕ್ಸನ್ ಕೂಡ ಹೋದರು. ಇವರಿಬ್ಬರ ರಾಜೀನಾಮೆಗೂ ಆಸ್ಪತ್ರೆ ಚೀಟಿಗೂ ಸಂಬಂಧವಿರಲಿಲ್ಲ.

ಅದೇ 1974ರಲ್ಲಿ ಮಿಸೌರಿಯ ಮತದಾರರ ಮುಂದೆ ಈಗಲ್ಟನ್ ಮತ್ತೆ ನಿಂತರು. ಈ ಸಲ ಮುಚ್ಚಿಡಲು ಏನೂ ಉಳಿದಿರಲಿಲ್ಲ, ಎಲ್ಲ ಎಲ್ಲರಿಗೂ ಗೊತ್ತಿತ್ತು. ಜನ ಗೆಲ್ಲಿಸಿದರು. 1980ರಲ್ಲೂ ಗೆಲ್ಲಿಸಿದರು. 1987ರವರೆಗೆ ಅವರು ಸೆನೆಟ್‌ನಲ್ಲಿ ಕೆಲಸ ಮಾಡಿದರು. ಕಾಂಬೋಡಿಯಾ ಮೇಲೆ ಬಾಂಬ್ ಹಾಕುವುದನ್ನು ನಿಲ್ಲಿಸಲು 1973ರಲ್ಲಿ ನಡೆದ ಪ್ರಯತ್ನದಲ್ಲಿ ಅವರ ತಿದ್ದುಪಡಿಗೆ ದೊಡ್ಡ ಪಾತ್ರವಿತ್ತು. ಸೇಂಟ್ ಲೂಯಿಸ್ ನಗರದ ಫೆಡರಲ್ ಕೋರ್ಟಿನ ಕಟ್ಟಡಕ್ಕೆ ಇವತ್ತು ಅವರ ಹೆಸರಿದೆ.

ಮೆಕ್‌ಗವರ್ನ್ ಅವರ ಮನೆಯಲ್ಲೇ ಮುಂದೆ ಇದೇ ನೋವು ಬಂತು. ಮಗಳು ಟೆರಿ ವರ್ಷಗಟ್ಟಲೆ ಕುಡಿತ ಮತ್ತು ಖಿನ್ನತೆಯ ಜೊತೆ ಹೋರಾಡಿ, 1994ರ ಡಿಸೆಂಬರ್‌ನಲ್ಲಿ ಹಿಮದಲ್ಲಿ ಬಿದ್ದು ತೀರಿಕೊಂಡರು. ತಂದೆ ಅವಳ ಬಗ್ಗೆ ಪುಸ್ತಕ ಬರೆದರು. ವಯಸ್ಸಾದ ಮೇಲೆ ಅವರು, ಆಗ ನನಗೆ ಮಾನಸಿಕ ಕಾಯಿಲೆಯ ಬಗ್ಗೆ ಏನೂ ತಿಳಿದಿರಲಿಲ್ಲ, ಮತ್ತೆ ಅವಕಾಶ ಸಿಕ್ಕಿದ್ದರೆ ಈಗಲ್ಟನ್ ಅವರನ್ನು ಉಳಿಸಿಕೊಳ್ಳುತ್ತಿದ್ದೆ ಎಂಬರ್ಥದ ಮಾತು ಹೇಳಿದರು.

ಅಮೆರಿಕದ ಪಕ್ಷಗಳು ಇದರಿಂದ ಒಂದು ಪಾಠ ಕಲಿತವು. ಈಗ ರನ್ನಿಂಗ್ ಮೇಟ್ ಆಗುವವರ ಆಸ್ತಿ, ತೆರಿಗೆ, ಆರೋಗ್ಯ, ಹಳೆಯ ಭಾಷಣ ಎಲ್ಲವನ್ನೂ ವಾರಗಟ್ಟಲೆ ಜಾಲಾಡುತ್ತಾರೆ. ಮಿಸೌರಿಯ ಮತದಾರರು 1974ರಲ್ಲಿ ತೋರಿಸಿದ ಇನ್ನೊಂದು ಪಾಠ ಅಷ್ಟು ಬೇಗ ಹರಡಲಿಲ್ಲ. ನಮ್ಮೂರಲ್ಲೂ ಆಸ್ಪತ್ರೆಗೆ ತೋರಿಸಿಕೊಂಡು ಬಂದು, ಗುಣವಾಗಿ, ತಮ್ಮ ಪಾಡಿಗೆ ಹೊಲ ಮನೆ ನೋಡಿಕೊಂಡಿರುವವರು ಇದ್ದಾರೆ. ಸಂಘದ ಲೆಕ್ಕ ಬರೆಯಲೋ, ಚುನಾವಣೆಗೆ ನಿಲ್ಲಲೋ ಅವರ ಹೆಸರು ಬಂದಾಗ ನಾವು ಮೊದಲು ಏನು ನೆನೆಸಿಕೊಳ್ಳುತ್ತೇವೆ? ಅವರು ಮಾಡಿದ ಕೆಲಸವನ್ನೋ, ಹಿಂದೊಮ್ಮೆ ಬಂದುಹೋದ ಕಾಯಿಲೆಯನ್ನೋ?